ಹಾಜರಿ ಯಂತ್ರದ ಪಕ್ಕದ ಹಾಳೆ: ಒಬ್ಬ ಮಾಲೀಕನ ಅನುಭವ

ಸಂಬಳದ ಲೆಕ್ಕದ ಸೂತ್ರವನ್ನೇ ಕೆಲಸಗಾರರ ಕಣ್ಣೆದುರು ಗೋಡೆಗೆ ಅಂಟಿಸುತ್ತೇನೆ ಎಂದಾಗ ಪೀಣ್ಯದ ಗೆಳೆಯರು, "ಬೇಡ, ತಲೆಯ ಮೇಲೆ ಕೂರುತ್ತಾರೆ" ಎಂದಿದ್ದರು. ಹತ್ತಿರ ಮೂರು ವರ್ಷವಾಯಿತು. ಬಾಕಿ ಸಂಬಳದ ತಕರಾರು ಒಂದೂ ಬಂದಿಲ್ಲ. ಈಗ ಅದೇ ಗೆಳೆಯರು ಹಾಳೆಯ ಫೋಟೋ ಕೇಳುತ್ತಿದ್ದಾರೆ.

ಅದಕ್ಕೆ ಮೊದಲು ಕಾಯ್ದೆಯ ಬದಲಾವಣೆ ತಿಳಿಯಲು ದುಡ್ಡು ಸುರಿದದ್ದು ಕಡಿಮೆಯಲ್ಲ. ಸಲಹೆಗಾರರಿಗೆ ತಿಂಗಳಿಗೆ ನಾಲ್ಕು ಸಾವಿರದಷ್ಟು ಕೊಡುತ್ತಿದ್ದೆ. ಪತ್ರಿಕೆಯ ತುಣುಕುಗಳ ಫೈಲು ಧೂಳು ತಿಂದಿತು. ಮಾಲೀಕರ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಬರುತ್ತಿದ್ದ ಆದೇಶಗಳಲ್ಲಿ ಅರ್ಧ ಬೇರೆ ರಾಜ್ಯದವು. 2023ರ ಏಪ್ರಿಲ್‌ನಿಂದ 25,000ಕ್ಕಿಂತ ಕಡಿಮೆ ಸಂಬಳದವರಿಗೆ ವೃತ್ತಿ ತೆರಿಗೆ ಇಲ್ಲವೆಂದಾಯಿತು. ಹಿಂದಿನ ಮಿತಿ 15,000. ಸಲಹೆಗಾರರ ತಂತ್ರಾಂಶ ಮಾತ್ರ ಇಪ್ಪತ್ತು ಜನರಿಂದ ತಲಾ 200 ಹಿಡಿಯುತ್ತಲೇ ಇತ್ತು. ಹಿಡಿದುಕೊಟ್ಟದ್ದು ಲೇತ್ ನಡೆಸುವ ಹುಡುಗ. ಎಣ್ಣೆ ಹತ್ತಿದ ಸಂಬಳದ ಚೀಟಿ ಮುಂದಿಟ್ಟು, "ಸಾರ್, ನಮ್ಮ ಭಾವನ ಚೀಟಿಯಲ್ಲಿ ಈ ಇನ್ನೂರು ಇಲ್ಲವಲ್ಲ?" ಎಂದ. ಎಲ್ಲರಿಗೂ ಹಣ ಹಿಂತಿರುಗಿಸಿದೆ. ಕಾಯ್ದೆಯ ಬದಲಾವಣೆಯನ್ನು ಎಲ್ಲರಿಗಿಂತ ಮೊದಲು ಗಮನಿಸುವವರು ಅದರಿಂದ ಲಾಭ ಕಾಣುವವರೇ ಎಂಬುದು ಆಗ ಖಾತ್ರಿಯಾಯಿತು.

ಹಾಳೆ ಸರಳ. ಬಾಬ್ತು, ದರ, ಜಾರಿಯಾದ ದಿನ, ಆದೇಶದ ಸಂಖ್ಯೆ, ಪಕ್ಕದಲ್ಲಿ ಮಾದರಿ ಚೀಟಿ. ಇಎಸ್ಐ, ಅಂದರೆ ಕಾರ್ಮಿಕರ ಆರೋಗ್ಯ ವಿಮೆಯ ಸಾಲಿನಲ್ಲಿ ಸಂಬಳದ ಶೇಕಡಾ 0.75 ಕೆಲಸಗಾರರದು, 3.25 ನಮ್ಮದು, ಜುಲೈ 2019ರಿಂದ. ತುಟ್ಟಿಭತ್ಯೆಯ ಸಾಲು ಪ್ರತಿ ಏಪ್ರಿಲ್ ಒಂದಕ್ಕೆ ಬದಲಾಗುತ್ತದೆ. ಆದೇಶದ ಪ್ರತಿ ಕೈಗೆ ಬರುವವರೆಗೆ ಯಾವ ಅಂಕಿಯನ್ನೂ ಮುಟ್ಟುವುದಿಲ್ಲ. ಯಾವ ಸಾಲಿನ ಮೇಲೆ ಕಣ್ಣಿಡುವ ಕೆಲಸವನ್ನು ಯಾರ ಸುಪರ್ದಿಗೆ ಕೊಟ್ಟಿದ್ದೇನೆ, ಹೇಗೆ ಆರಿಸಿದೆ ಎಂಬುದನ್ನು ಇಲ್ಲಿ ಬರೆಯುವುದಿಲ್ಲ. ಅಷ್ಟು ಗುಟ್ಟು ನನ್ನಲ್ಲೇ ಇರಲಿ.

ನಡುವೆ ಒಡಿಶಾದ ಹುಡುಗರಿಂದ ಒಡಿಯಾದಲ್ಲೊಂದು ಹಾಳೆ ಬರೆಸಿ ನೋಡಿದೆ. ಹಿಂದಿಯ ಹಾಳೆಗಿಂತ ಅದರ ಮುಂದೆ ಹೆಚ್ಚು ಜನ ನಿಂತರು, ಪ್ರಶ್ನೆಗಳೂ ಹೆಚ್ಚಿದವು. ಓವರ್‌ಟೈಮ್ ಲೆಕ್ಕ ಚೊಕ್ಕವಾದದ್ದು ಆ ಪ್ರಶ್ನೆಗಳಿಂದಲೇ.

2025ರ ನವೆಂಬರ್ 21ರಂದು ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದಾಗ ಗೆಳೆಯರೆಲ್ಲ ಗಾಬರಿಯಾದರು. ಭತ್ಯೆಗಳು ಒಟ್ಟು ಸಂಬಳದ ಅರ್ಧ ಮೀರಿದರೆ ಮೀರಿದ್ದೂ ವೇತನವೇ ಎಂಬ ಮಾತು 2019ರ ವೇತನ ಸಂಹಿತೆಯಲ್ಲೇ ಇತ್ತು. ನಾನು ಅಂದೇ ಲೆಕ್ಕ ಹಾಕಿಟ್ಟಿದ್ದೆ. ನಮ್ಮ ಮೇಲ್ವಿಚಾರಕರ ಸಂಬಳ ಸುಮಾರು 44,000, ಮೂಲವೇತನ 16,000. ವೇತನ 22,000 ಎಂದಾದರೂ ಪಿಎಫ್ ಅನ್ನು ನಾವು 15,000ದ ಮಿತಿಯಲ್ಲೇ ಕಟ್ಟುವುದರಿಂದ ಅದು ಏರಲಿಲ್ಲ. ಏರಿದ್ದು ಗ್ರಾಚ್ಯುಟಿ, ಅಂದರೆ ಕೆಲಸ ಬಿಡುವಾಗ ಸೇವೆಯ ವರ್ಷಗಳಿಗೆ ತಕ್ಕಂತೆ ಕೊಡುವ ಹಣ, ಸೇವೆಯ ಪ್ರತಿ ವರ್ಷಕ್ಕೆ ಸುಮಾರು 3,460 ರೂಪಾಯಿ. ಆ ಹಣವನ್ನು ಈಗ ಪ್ರತ್ಯೇಕ ಖಾತೆಯಲ್ಲಿ ಇಡುತ್ತಿದ್ದೇನೆ.

ಹಾಳೆಗೆ ಲ್ಯಾಮಿನೇಷನ್ ಮಾತ್ರ ಮಾಡಿಸಬೇಡಿ. ಹಳೆಯ ದರದ ಮೇಲೆ ಪೆನ್ನಿನಲ್ಲಿ ಗೆರೆ ಎಳೆದು, ದಿನಾಂಕ ಹಾಕಿ ಸಹಿ ಮಾಡಿ. ತಪಾಸಣೆಗೆ ಬಂದ ಅಧಿಕಾರಿ ನಮ್ಮಲ್ಲಿ ಮೊದಲು ನೋಡಿದ್ದು ಆ ಗೆರೆಗಳನ್ನೇ.