ಹೆಳವರಿಲ್ಲದ ನಾಡಿನಲ್ಲಿ ಹಿರಿಯರನ್ನು ಹುಡುಕುವುದು

ಗುಳೇದಗುಡ್ಡದ ನಮ್ಮ ಮನೆಗೆ ಸುಗ್ಗಿ ಮುಗಿದ ಮೇಲೆ ಹೆಳವರು ಬರುತ್ತಿದ್ದರು. ಕಟ್ಟೆಯ ಮೇಲೆ ಕುಳಿತು ನಮ್ಮ ಮನೆತನದ ಹಿರಿಯರ ಹೆಸರನ್ನು ಒಂದೊಂದಾಗಿ ಹೇಳುತ್ತಿದ್ದರು. ಯಾರು ಯಾವ ಊರು ಬಿಟ್ಟು ಬಂದರು, ಯಾರಿಗೆ ಎಷ್ಟು ಮಕ್ಕಳು, ಎಲ್ಲ ಅವರ ಬಾಯಲ್ಲೇ ಇರುತ್ತಿತ್ತು. ಅಜ್ಜಿ ಮೊರದ ತುಂಬ ಜೋಳ ತಂದು ಹಾಕುತ್ತಿದ್ದಳು.

ಮದುವೆಯಾಗಿ ನಾನು ಬಂದದ್ದು ನೆದರ್‌ಲ್ಯಾಂಡ್ಸ್‌ನ ಐಂಡ್‌ಹೋವನ್‌ಗೆ. ಗಂಡ ಇಲ್ಲಿಯವನೇ. ಒಂದು ದಿನ ಅತ್ತೆ ಕೇಳಿದರು, "ನನ್ನ ಅಜ್ಜಿಯ ಕಡೆಯವರು ಎಲ್ಲಿಯವರು ಅಂತ ನೋಡಿಕೊಡ್ತೀಯಾ?" ಅವರ ಕಣ್ಣು ಮಂಜಾಗಿತ್ತು, ಹಳೆ ಅಕ್ಷರ ಓದಲು ಆಗುತ್ತಿರಲಿಲ್ಲ. ಆರು ವರ್ಷದಿಂದ ಬಿಡುವಾದಾಗಲೆಲ್ಲ ಅದನ್ನೇ ಹುಡುಕುತ್ತಿದ್ದೇನೆ. ಡಚ್ ಮನೆಗೆ ಸೇರಿದ ಕನ್ನಡದವರು ಈಗ ಬೇಕಾದಷ್ಟು ಜನ ಇದ್ದಾರೆ. ಅವರ ಮಕ್ಕಳೂ ಮುಂದೆ ಕೇಳುತ್ತಾರೆ, ಅಲ್ವಾ? ಅವರಿಗಾಗಿ ನಾನು ಕಂಡುಕೊಂಡ ದಾರಿಯನ್ನು ಇಲ್ಲಿ ಬರೆಯುತ್ತೇನೆ.

ಮೊದಲು ಕಂಪ್ಯೂಟರ್ ಮುಟ್ಟಬೇಡಿ. ಮನೆಯ ಹಿರಿಯರ ಬಿಸ್ಕತ್ ಡಬ್ಬಿ ಕೇಳಿ. ಇಲ್ಲಿ ಹಳೆ ಕಾಗದಗಳು ಇರುವುದು ಅಂಥ ತಗಡಿನ ಡಬ್ಬಿಗಳಲ್ಲೇ. ಎರಡು ವಸ್ತು ಹುಡುಕಿ. ಒಂದು, 'ಟ್ರೌಬೂಕ್ಯೆ'. ಮದುವೆ ನೋಂದಾಯಿಸಿದ ದಿನ ಪುರಸಭೆಯವರು ಕೊಡುವ ಸಣ್ಣ ಪುಸ್ತಕ ಇದು, ಆಮೇಲೆ ಹುಟ್ಟಿದ ಮಕ್ಕಳ ಹೆಸರನ್ನೂ ಇದರಲ್ಲೇ ಬರೆಯುತ್ತಾರೆ. ಇನ್ನೊಂದು, 'ಬಿಡ್‌ಪ್ರೆಂಟ್ಯೆ'. ಕ್ಯಾಥೊಲಿಕರ ಮನೆಯಲ್ಲಿ ಯಾರಾದರೂ ತೀರಿಕೊಂಡರೆ ಅಂತ್ಯಕ್ರಿಯೆಯ ದಿನ ಹಂಚುವ ಪ್ರಾರ್ಥನೆಯ ಚೀಟಿ. ಒಂದು ಕಡೆ ದೇವರ ಚಿತ್ರ ಇರುತ್ತದೆ. ಹಿಂದೆ ಸತ್ತವರ ಹೆಸರು, ಹುಟ್ಟಿದ ಊರು, ತಾರೀಕು, ಯಾರ ಗಂಡ ಅಥವಾ ಯಾರ ಹೆಂಡತಿ ಎಂಬುದು. ನಮ್ಮ ಬ್ರಾಬಾಂಟ್ ಪ್ರಾಂತ್ಯದಲ್ಲಿ ಇವು ರಾಶಿ ರಾಶಿ ಸಿಗುತ್ತವೆ. ಅತ್ತೆಯ ಡಬ್ಬಿಯಲ್ಲಿ ನಲವತ್ತಕ್ಕೂ ಜಾಸ್ತಿ ಇದ್ದವು. ಸಿಕ್ಕಿದ್ದಕ್ಕೆಲ್ಲ ಎರಡೂ ಕಡೆ ಫೋಟೋ ತೆಗೆದಿಡಿ.

ಇನ್ನು ಸರ್ಕಾರಿ ದಾಖಲೆ. ಇಲ್ಲಿ ಒಂದು ಲೆಕ್ಕ ನೆನಪಿರಲಿ: ಹುಟ್ಟಿನ ದಾಖಲೆ 100 ವರ್ಷ, ಮದುವೆಯದು 75 ವರ್ಷ, ಸಾವಿನದು 50 ವರ್ಷ ಆದ ಮೇಲೆ ಎಲ್ಲರಿಗೂ ತೆರೆದಿರುತ್ತದೆ. ಅದಕ್ಕಿಂತ ಈಚಿನದು ಮುಚ್ಚಿರುತ್ತದೆ. ಹಾಗಾಗಿ 1930ರಲ್ಲಿ ಹುಟ್ಟಿದ ಮಾವನ ಜನನ ದಾಖಲೆ ಹುಡುಕುತ್ತಾ ಕೂರಬೇಡಿ. ಅವರ ಅಪ್ಪ ಅಮ್ಮನ ಮದುವೆ ಹುಡುಕಿ, ಅದು ತೆರೆದಿರುತ್ತದೆ. ನಡುವಿನ ಕಾಲಕ್ಕೆ 'ಪೆರ್ಸೋನ್ಸ್‌ಕಾರ್ಟ್' ಎಂಬ ಕಾರ್ಡು ನೆರವಾಗುತ್ತದೆ. 1939ರಿಂದ 1994ರ ನಡುವೆ ತೀರಿಕೊಂಡವರಿಗೆ ತಲಾ ಒಂದು ಕಾರ್ಡು. ಅಪ್ಪ ಅಮ್ಮನ ಹೆಸರು, ಮದುವೆ, ಮಕ್ಕಳು, ಇದ್ದ ವಿಳಾಸಗಳು ಎಲ್ಲ ಒಂದೇ ಕಡೆ. ಹೇಗ್ ನಗರದಲ್ಲಿರುವ ಸಿಬಿಜಿ ಎಂಬ ಕುಟುಂಬ ಚರಿತ್ರೆಯ ಕೇಂದ್ರದ ಮೂಲಕ, ಹಣ ಕೊಟ್ಟು ನಾನು ಇದರ ಪ್ರತಿ ತರಿಸಿಕೊಂಡೆ.

ಅಲ್ಲಿಂದ ಹಿಂದಕ್ಕೆ 1811ರ ತನಕ ರಸ್ತೆ ಚೆನ್ನಾಗಿದೆ. ನೆಪೋಲಿಯನ್ ಈ ದೇಶವನ್ನು ಫ್ರಾನ್ಸಿಗೆ ಸೇರಿಸಿಕೊಂಡದ್ದು 1810ರಲ್ಲಿ. ಮರುವರ್ಷದ ಹೊತ್ತಿಗೆ ಹೆಚ್ಚಿನ ಕಡೆ ಹುಟ್ಟು, ಮದುವೆ, ಸಾವುಗಳನ್ನು ಪುರಸಭೆಯಲ್ಲಿ ಬರೆಸುವ ಪದ್ಧತಿ ಬಂತು. 'ಬುರ್ಖರ್ಲಿಕೆ ಸ್ಟಾಂಡ್' ಎನ್ನುವುದು ಇದನ್ನೇ. ಲಿಂಬುರ್ಖ್ ಪ್ರಾಂತ್ಯದಲ್ಲೂ ಝೇಲಾಂಡಿನ ಬೆಲ್ಜಿಯಂ ಅಂಚಿನಲ್ಲೂ ಇನ್ನೂ ಮೊದಲೇ, 1796ರಿಂದ ಇದೆ. ಈ ಪುಸ್ತಕಗಳ ಹೆಸರುಪಟ್ಟಿ 'ವೀ ವಾಸ್ ವೀ' ಮತ್ತು 'ಓಪನ್ ಆರ್ಖೀವೆನ್' ಎಂಬ ಎರಡು ಜಾಲತಾಣಗಳಲ್ಲಿ ಸಿಗುತ್ತದೆ. ಮೊದಲನೆಯದರ ಅರ್ಥ 'ಯಾರು ಯಾರಾಗಿದ್ದರು' ಎಂದು. ಫ್ರೀಸ್‌ಲಾಂಡಿನವರನ್ನು ಹುಡುಕುವುದಾದರೆ 'ಅಲ್ಲೆ ಫ್ರೀಸೆನ್', ಖ್ರೋನಿಂಗೆನ್‌ನವರಿಗೆ 'ಅಲ್ಲೆ ಖ್ರೋನಿಂಗರ್ಸ್' ನೋಡಿ.

ಹುಡುಕುವಾಗ ಹೆಂಗಸರ ಹೆಸರಿನಿಂದ ಹೊರಡಿ. ಇದನ್ನು ನಾನು ಒತ್ತಿ ಹೇಳುತ್ತೇನೆ. ಇಲ್ಲಿನ ದಾಖಲೆಯಲ್ಲಿ ಹೆಣ್ಣಿಗೆ ಹುಟ್ಟಿನಿಂದ ಸಾವಿನ ತನಕ ತವರಿನ ಹೆಸರೇ ಇರುತ್ತದೆ. ಮೂರು ಮದುವೆಯಾದರೂ ಅದು ಬದಲಾಗುವುದಿಲ್ಲ. ಗಂಡ ಹೆಂಡತಿ ಇಬ್ಬರ ಮನೆತನದ ಹೆಸರನ್ನೂ ಒಟ್ಟಿಗೆ ಕೊಟ್ಟು ಹುಡುಕಿದರೆ ಅವರ ಅಷ್ಟೂ ಮಕ್ಕಳು ಸಾಲಾಗಿ ಬರುತ್ತಾರೆ. ಬರದಿದ್ದರೆ ಕಾಗುಣಿತ ಬದಲಿಸಿ. ಒಂದೇ ಹೆಸರನ್ನು ಒಬ್ಬ ಗುಮಾಸ್ತ 'ಸಿ'ಯಿಂದ ಬರೆದರೆ ಇನ್ನೊಬ್ಬ 'ಕೆ'ಯಿಂದ ಬರೆಯುತ್ತಿದ್ದ. 'ಎಸ್' ಇದ್ದಲ್ಲಿ 'ಝಡ್', 'ವೈ' ಇದ್ದಲ್ಲಿ 'ಐಜೆ' ಇರಬಹುದು. ಅನುಮಾನ ಇರುವ ಅಕ್ಷರದ ಜಾಗದಲ್ಲಿ ನಕ್ಷತ್ರದ ಗುರುತು ಹಾಕಿ.

ಹೆಸರು ಸಿಕ್ಕಿತೆಂದು ನಿಲ್ಲಬೇಡಿ. ಮೂಲ ಪುಟದ ಚಿತ್ರ ತೆರೆಯಿರಿ. ಪಟ್ಟಿಯಲ್ಲಿ ಬಾರದ ಸಂಗತಿ ಅಲ್ಲಿರುತ್ತದೆ. ವಯಸ್ಸು, ಕೆಲಸ, ಸಾಕ್ಷಿಗಳು ಯಾರು, ಯಾರು ಸಹಿ ಹಾಕಿದರು, ಯಾರಿಗೆ ಬರೆಯಲು ಬರುತ್ತಿರಲಿಲ್ಲ. ನಾನು ತೆರೆದ ಮೊದಲ ಪುಟದಲ್ಲಿ ಅತ್ತೆಯ ಮುತ್ತಜ್ಜನ ಕೆಲಸದ ಜಾಗದಲ್ಲಿ 'ವೇವರ್' ಎಂದಿತ್ತು. ನೇಕಾರ. ಖೆಲ್ಡ್ರೊಪ್ ಎಂಬ ಊರು ನಮ್ಮ ಮನೆಗೆ ಸೈಕಲ್ ದಾರಿ, ಒಂದು ಕಾಲಕ್ಕೆ ಅದು ನೇಯ್ಗೆಯ ಊರು. ನಮ್ಮಪ್ಪ ಕೊನೆಯವರೆಗೂ ಖಣ ನೇಯ್ದವರು. ಆ ಪದ ಕಂಡ ರಾತ್ರಿ ನಾನು ಅಮ್ಮನಿಗೆ ಫೋನ್ ಮಾಡಿದೆ.

ಈಗ ಎಲ್ಲಕ್ಕಿಂತ ಮುಖ್ಯವಾದದ್ದು. ಮದುವೆಯ ದಾಖಲೆಗೆ ಒಂದು ಕಟ್ಟು ಕಾಗದ ಅಂಟಿಕೊಂಡಿರುತ್ತದೆ. ಹೆಸರು 'ಹ್ಯೂವೆಲಿಕ್ಸ್‌ಬೈಲಾಖೆನ್', ಮದುವೆಯ ಲಗತ್ತುಗಳು. ತುಂಬ ಜನ ಇದನ್ನು ನೋಡುವುದೇ ಇಲ್ಲ. 19ನೇ ಶತಮಾನದಲ್ಲಿ ಮದುವೆಯಾಗಬೇಕಾದರೆ ಗಂಡು ಹೆಣ್ಣು ಇಬ್ಬರೂ ತಮ್ಮ ಜನನದ ಪ್ರತಿ ತರಬೇಕಿತ್ತು. 1811ಕ್ಕೆ ಮೊದಲು ಹುಟ್ಟಿದವರಾದರೆ ಚರ್ಚಿನ ದೀಕ್ಷೆಯ, ಎಂದರೆ ಮಗುವಿಗೆ ಮಾಡಿಸುವ ದೀಕ್ಷಾಸ್ನಾನದ ಪ್ರತಿ. ಅಪ್ಪ ಅಮ್ಮ ತೀರಿಕೊಂಡಿದ್ದರೆ ಅವರ ಮರಣದ ಪ್ರತಿ. ಇಬ್ಬರೂ ಇಲ್ಲದಿದ್ದರೆ ಎಷ್ಟೋ ಸಲ ಅಜ್ಜ ಅಜ್ಜಿಯರದ್ದೂ. ಹಾಗಾಗಿ 1820ರ ಸುಮಾರಿನ ಒಂದು ಬಡವರ ಮದುವೆಯ ಕಟ್ಟಿನಲ್ಲಿ 1780ರಲ್ಲಿ ಸತ್ತ ಅಜ್ಜ ಸಿಗಬಹುದು. ಶುಲ್ಕ ಕೊಡಲು ಆಗದವರಿಗೆ ಬಡತನದ ಪ್ರಮಾಣಪತ್ರ ಬರೆದುಕೊಡುತ್ತಿದ್ದರು, ಅದೂ ಅಲ್ಲೇ ಇರುತ್ತದೆ.

ವರನದ್ದು ಇನ್ನೊಂದು ಕಾಗದ ಇರುತ್ತದೆ: ಸೈನ್ಯದ ಕಡ್ಡಾಯ ಸೇವೆಗೆ ಹೆಸರು ಕೊಟ್ಟಿದ್ದಾನೆ ಎಂಬ ಪತ್ರ. ಇದರಲ್ಲಿ ಆ ಹುಡುಗನ ಚಹರೆ ಬರೆದಿರುತ್ತಾರೆ. ಮುಖ, ಹಣೆ, ಕಣ್ಣು, ಮೂಗು, ಬಾಯಿ, ಗಲ್ಲ, ಕೂದಲು, ಹುಬ್ಬು, ಗುರುತಿನ ಮಚ್ಚೆ. ಎತ್ತರವನ್ನು ಎಲ್, ಪಾಮ್, ಡೌಮ್ ಎಂದು ಅಳೆದಿರುತ್ತಾರೆ. ಹೆದರಬೇಡಿ. 1820ರಿಂದ ಈಚೆಗೆ ಹಳೆ ಹೆಸರಿನಲ್ಲೇ ಮೀಟರ್ ಅಳತೆ ನಡೆಯಿತು: ಒಂದು ಎಲ್ ಎಂದರೆ ಒಂದು ಮೀಟರ್, ಪಾಮ್ ಎಂದರೆ 10 ಸೆಂಟಿಮೀಟರ್, ಡೌಮ್ ಎಂದರೆ ಒಂದು ಸೆಂಟಿಮೀಟರ್. ನಮ್ಮ ನೇಕಾರ 1 ಎಲ್, 6 ಪಾಮ್, 4 ಡೌಮ್ ಇದ್ದ. ಫೋಟೋ ಇಲ್ಲದ ಕಾಲದ ಬಡವನೊಬ್ಬನ ಮುಖ ಹೀಗಿತ್ತು ಎಂದು ತಿಳಿಯಲು ಬೇರೆ ಯಾವ ದಾರಿ ಇದೆ? ನಾನು ಒಂದೊಂದೇ ಸಾಲು ಓದುತ್ತಿದ್ದೆ. ನೀಲಿ ಕಣ್ಣು, ಕಂದು ಕೂದಲು, ದುಂಡು ಗಲ್ಲ. ಅತ್ತೆ ತಮ್ಮ ಗಲ್ಲ ಮುಟ್ಟಿಕೊಂಡರು.

ಹಲವು ಪ್ರಾಂತ್ಯಗಳ ಲಗತ್ತುಗಳು 'ಫ್ಯಾಮಿಲಿಸರ್ಚ್' ತಾಣದಲ್ಲಿ ಉಚಿತವಾಗಿ ಸಿಗುತ್ತವೆ. ಆದರೆ ಹೆಚ್ಚಿನವು ಹೆಸರು ಹಾಕಿ ಹುಡುಕಿದರೆ ಬರುವುದಿಲ್ಲ. ಊರು, ವರ್ಷ, ಮದುವೆ ದಾಖಲೆಯ ಸಂಖ್ಯೆ ಹಿಡಿದು ಪುಟ ತಿರುವಬೇಕು. ಆ ಸಂಖ್ಯೆಯನ್ನು ಮೊದಲೇ ಬರೆದುಕೊಂಡಿರಿ.

ನನಗೆ ಆದ ತಪ್ಪೊಂದನ್ನು ಹೇಳಲೇಬೇಕು. ಇಲ್ಲೂ ನಮ್ಮ ಹಾಗೇ ಅಜ್ಜನ ಹೆಸರನ್ನು ಮೊಮ್ಮಗನಿಗೆ ಇಡುವ ರೂಢಿ. ಸಾಮಾನ್ಯವಾಗಿ ಮೊದಲ ಮಗನಿಗೆ ಅಪ್ಪನ ಅಪ್ಪನ ಹೆಸರು, ಎರಡನೆಯವನಿಗೆ ಅಮ್ಮನ ಅಪ್ಪನ ಹೆಸರು. ಮೊದಲ ಮಗಳಿಗೆ ಅಮ್ಮನ ಅಮ್ಮನ ಹೆಸರು. ಹಾಗಾದರೆ ಅಣ್ಣತಮ್ಮಂದಿರ ಮೊದಲ ಗಂಡುಮಕ್ಕಳೆಲ್ಲ ಒಂದೇ ಹೆಸರಿನವರು! ಖೆಲ್ಡ್ರೊಪ್‌ನಲ್ಲಿ ಮೂರು ವರ್ಷದ ಅಂತರದಲ್ಲಿ ಹುಟ್ಟಿದ ಇಬ್ಬರು ಯೊಹಾನೆಸ್ ಇದ್ದರು, ಮನೆತನದ ಹೆಸರೂ ಒಂದೇ. ನಾನು ತಪ್ಪು ಯೊಹಾನೆಸ್‌ನನ್ನು ಹಿಡಿದು ನಾಲ್ಕು ತಿಂಗಳು ಅವನ ತಾಯಿಯ ಕಡೆಯವರನ್ನು ಹುಡುಕಿದೆ. ಆಮೇಲೆ ಸಾವಿನ ಪುಸ್ತಕದಲ್ಲಿ ಅವನು ಆರನೇ ವಯಸ್ಸಿಗೇ ತೀರಿಕೊಂಡದ್ದು ಕಂಡಿತು. ಆಗ ಲಗತ್ತಿನ ಕಟ್ಟನ್ನು ಮೊದಲೇ ಬಿಚ್ಚಿದ್ದರೆ ಸರಿಯಾದವನ ಜನನದ ಪ್ರತಿ ಅದರಲ್ಲೇ ಇರುತ್ತಿತ್ತು. ಆದ್ದರಿಂದ ಒಂದು ಹುಟ್ಟು ಸಿಕ್ಕ ಕೂಡಲೇ ಆ ಮಗು ಬದುಕಿತೇ ಎಂದು ಸಾವಿನ ಪುಸ್ತಕದಲ್ಲಿ ನೋಡಿ. ಸತ್ತ ಮಗುವಿನ ಹೆಸರನ್ನೇ ಮುಂದಿನ ಮಗುವಿಗೆ ಇಡುವುದೂ ಇಲ್ಲಿ ಸಾಮಾನ್ಯವಾಗಿತ್ತು.

1850ರಿಂದ ಮನೆ ಮನೆಯ ಜನರನ್ನು ಬರೆದಿಟ್ಟ ಜನಸಂಖ್ಯಾ ದಾಖಲೆಯೂ ಇದೆ. ಯಾರು ಯಾವ ಊರಿಂದ ಬಂದರು, ಎಲ್ಲಿಗೆ ಹೋದರು ಎಂದು ತಿಳಿಯಲು ಅದನ್ನು ನೋಡಿ. ಹಳೆ ಪತ್ರಿಕೆಗಳಿಗೆ ರಾಷ್ಟ್ರೀಯ ಗ್ರಂಥಾಲಯದ 'ಡೆಲ್ಫರ್' ತಾಣ ಇದೆ. ಮರಣದ ಜಾಹೀರಾತುಗಳು ಅಲ್ಲಿ ಧಾರಾಳ.

1811ರ ಆಚೆಗೆ ರಸ್ತೆ ಕಚ್ಚಾ ಆಗುತ್ತದೆ. ಅಲ್ಲಿಂದ ಹಿಂದಕ್ಕೆ ಚರ್ಚಿನ ಪುಸ್ತಕಗಳು: ದೀಕ್ಷೆ, ಮದುವೆ, ಹೂಳುವಿಕೆ. ಈ ಮೂರರ ಡಚ್ ಪದಗಳ ಮೊದಲ ಅಕ್ಷರ ಹಿಡಿದು ಇಲ್ಲಿಯವರು ಚಿಕ್ಕದಾಗಿ 'ಡೇ ಟೇ ಬೇ' ಎನ್ನುತ್ತಾರೆ. ಕ್ಯಾಥೊಲಿಕ್ ಪಾದ್ರಿಗಳು ಲ್ಯಾಟಿನ್‌ನಲ್ಲಿ ಬರೆಯುತ್ತಿದ್ದರು. ಮನೆಯಲ್ಲಿ ಯಾನ್ ಆಗಿದ್ದವನು ಪುಸ್ತಕದಲ್ಲಿ ಯೊಆನ್ನೆಸ್, ವಿಲ್ಲೆಮ್ ಆಗಿದ್ದವನು ವಿಲ್ಹೆಲ್ಮಸ್. ಬ್ರಾಬಾಂಟ್‌ನಲ್ಲಿ ಇನ್ನೊಂದು ವಿಶೇಷ ಇದೆ. 17, 18ನೇ ಶತಮಾನದಲ್ಲಿ ಕ್ಯಾಥೊಲಿಕರ ಮದುವೆಗೆ ಕಾನೂನಿನ ಮನ್ನಣೆ ಸಿಗಬೇಕಾದರೆ ಪ್ರೊಟೆಸ್ಟೆಂಟರ ಚರ್ಚಿನಲ್ಲಿ ಅಥವಾ ಊರಿನ ಪಂಚರ ಎದುರು ಮದುವೆಯಾಗಬೇಕಿತ್ತು. ಆದ್ದರಿಂದ ದೀಕ್ಷೆ ಒಂದು ಪುಸ್ತಕದಲ್ಲಿ, ಮದುವೆ ಇನ್ನೊಂದರಲ್ಲಿ. ಎರಡನ್ನೂ ನೋಡಿ.

ಮನೆತನದ ಹೆಸರು ಒಮ್ಮೆಲೇ ಕಾಣೆಯಾದರೆ ಗಾಬರಿಯಾಗಬೇಡಿ. ಎಷ್ಟೋ ಕಡೆ, ಅದರಲ್ಲೂ ಉತ್ತರದ ಪ್ರಾಂತ್ಯಗಳಲ್ಲಿ, ಅಪ್ಪನ ಹೆಸರೇ ಹೆಸರಿನ ಬಾಲ. ಪೀಟರ್‌ನ ಮಗ ಯಾನ್ ಎಂದರೆ ಯಾನ್ ಪೀಟರ್ಸ್, ಅವನ ಮಗ ಕ್ಲಾಸ್ ಯಾನ್ಸ್. ಮೈಸೂರು ಕಡೆಯ ಇನಿಷಿಯಲ್ ಪದ್ಧತಿ ಗೊತ್ತಿದ್ದವರಿಗೆ ಇದು ಕಷ್ಟವಲ್ಲ. ಕಸುಬಿನ ಹೆಸರುಗಳಂತೂ ನಮ್ಮ ಉತ್ತರ ಕರ್ನಾಟಕದವೇ ಅನಿಸುತ್ತವೆ: ಟಿಮ್ಮರ್‌ಮಾನ್ ನಮ್ಮ ಬಡಿಗೇರ, ಸ್ಮಿಟ್ ಎಂದರೆ ಕಮ್ಮಾರ. ಹೆಸರಿಲ್ಲದವರು ಹೆಸರು ಬರೆಸಬೇಕೆಂದು 1811ರಲ್ಲಿ ಆದೇಶ ಬಂದದ್ದು ನಿಜ. ಆದರೆ ಡಚ್ಚರಿಗೆಲ್ಲ ಹೆಸರು ಕೊಟ್ಟವನು ನೆಪೋಲಿಯನ್ ಎಂಬುದು ಸರಿಯಲ್ಲ. ಹೆಚ್ಚಿನವರಿಗೆ ಅದಕ್ಕೂ ಮೊದಲೇ ಹೆಸರಿತ್ತು.

ತಿಂಗಳ ಹೆಸರಿನ ಬಗ್ಗೆ ಎಚ್ಚರ. '7ಬರ್' ಎಂದು ಬರೆದಿದ್ದರೆ ಅದು ಜುಲೈ ಅಲ್ಲ, ಸೆಪ್ಟೆಂಬರ್. ಲ್ಯಾಟಿನ್‌ನಲ್ಲಿ ಸೆಪ್ಟೆಮ್ ಎಂದರೆ ಏಳು. '8ಬರ್' ಅಕ್ಟೋಬರ್. ಅಚ್ಚ ಡಚ್ ಹೆಸರುಗಳೂ ಬರುತ್ತವೆ: ಹೋಯ್‌ಮಾಂಡ್ ಎಂದರೆ ಹುಲ್ಲು ಒಣಗಿಸುವ ತಿಂಗಳು, ಜುಲೈ. ಸ್ಲಾಖ್ಟ್‌ಮಾಂಡ್ ಎಂದರೆ ಚಳಿಗಾಲಕ್ಕೆ ಹಂದಿ ದನ ಕಡಿಯುವ ತಿಂಗಳು, ನವೆಂಬರ್. ಹಳೆ ಕೈಬರಹ ಓದಲು ಒಂದೇ ಉಪಾಯ. ಒಬ್ಬನೇ ಪಾದ್ರಿ ಬರೆದ ಹತ್ತು ಪುಟಗಳನ್ನು ಸುಮ್ನೆ ಓದುತ್ತಾ ಹೋಗಿ. ಆರನೇ ಪುಟಕ್ಕೆ ಅವನ ಅಕ್ಷರ ಕೈಗೆ ಬರುತ್ತದೆ.

ಝೇಲಾಂಡಿನ ಮನೆತನದವರಿಗೆ ಒಂದು ಮಾತು. 1940ರ ಮೇ 17ರಂದು ಮಿಡೆಲ್‌ಬರ್ಖ್ ನಗರ ಹೊತ್ತಿ ಉರಿದಾಗ ಆ ಪ್ರಾಂತ್ಯದ ಹಳೆ ಚರ್ಚ್ ಪುಸ್ತಕಗಳಲ್ಲಿ ಬಹಳಷ್ಟು ಸುಟ್ಟುಹೋದವು. ಅಲ್ಲಿಯವರಿಗೆ ಮದುವೆಯ ಲಗತ್ತುಗಳು ಚಿನ್ನಕ್ಕಿಂತ ಹೆಚ್ಚು. ಸುಟ್ಟ ಪುಸ್ತಕದಿಂದ ಮೊದಲೇ ತೆಗೆದ ಪ್ರತಿ ಅವುಗಳಲ್ಲಿ ಉಳಿದಿರಬಹುದು.

ಹಿರಿಯರಲ್ಲಿ ಯಾರೋ ಒಬ್ಬ ಹಡಗು ಹತ್ತಿ ಹೋದವನು ಮರಳಲಿಲ್ಲ ಎಂಬ ಮಾತು ಮನೆಯಲ್ಲಿದ್ದರೆ, ಡಚ್ ಈಸ್ಟ್ ಇಂಡಿಯಾ ಕಂಪನಿಯ ಸಂಬಳದ ಪುಸ್ತಕ ನೋಡಿ. 17ನೇ ಶತಮಾನದಲ್ಲಿ ಕುಂದಾಪುರದ ಹತ್ತಿರದ ಬಸರೂರಿನಲ್ಲಿ ವ್ಯಾಪಾರದ ಕೋಠಿ ಇಟ್ಟಿದ್ದ ಕಂಪನಿಯೇ ಇದು. 18ನೇ ಶತಮಾನದ ಹಡಗಿನವರ ಹೆಸರುಪಟ್ಟಿ ಹೇಗ್‌ನ ರಾಷ್ಟ್ರೀಯ ದಾಖಲಾಗಾರದ ತಾಣದಲ್ಲಿದೆ. ಹೆಸರು, ಊರು, ಕೆಲಸ, ಹಡಗು, ಸೇವೆ ಮುಗಿದದ್ದು ಯಾವಾಗ, ಹೇಗೆ. ಬಹಳ ಜನರ ಮುಂದೆ 'ಓವರ್‌ಲೇಡೆನ್' ಎಂದಿರುತ್ತದೆ, ತೀರಿಕೊಂಡ ಎಂದು.

ಅತ್ತೆಯ ಪ್ರಶ್ನೆಗೆ ಅರ್ಧ ಉತ್ತರ ಸಿಕ್ಕಿದೆ. ನೇಕಾರನನ್ನು ಮದುವೆಯಾದ ಹೆಣ್ಣು ಲಿಂಬುರ್ಖ್‌ನ ವೇರ್ಟ್‌ನವಳು, ಮನೆಗೆಲಸಕ್ಕೆಂದು ಖೆಲ್ಡ್ರೊಪ್‌ಗೆ ಬಂದವಳು. ಮದುವೆಯ ಪುಟದಲ್ಲಿ ಅವಳ ಸಹಿಯ ಜಾಗ ಖಾಲಿ ಇದೆ, ಬರೆಯಲು ಬರುವುದಿಲ್ಲ ಎಂದು ಗುಮಾಸ್ತ ಬರೆದಿದ್ದಾನೆ. ಲಿಂಬುರ್ಖ್ ಆದ್ದರಿಂದ ಪುರಸಭೆಯ ಪುಸ್ತಕಗಳು 1796ರಿಂದಲೇ ಇವೆ, ಅವಳ ತಾಯಿ ಅಲ್ಲೇ ಸಿಗಬೇಕು. ಮುಂದಿನ ಶನಿವಾರ ರೈಲಿನಲ್ಲಿ ವೇರ್ಟ್‌ಗೆ ಹೋಗುತ್ತಿದ್ದೇವೆ. ಅತ್ತೆಗೆ ಈಗ 81. ಚೀಲದಲ್ಲಿ ಆಗಲೇ ಎರಡು ಪೆನ್ಸಿಲ್ ಇಟ್ಟುಕೊಂಡಿದ್ದಾರೆ.