ನೇತ್ರಾಣಿಯಲ್ಲಿ ದಂಪತಿಗಳ ಮೊದಲ ಸ್ಕೂಬಾ ಪಾಠ

ಮುರುಡೇಶ್ವರದಿಂದ ದೋಣಿಯಲ್ಲಿ ತಲುಪುವ ನೇತ್ರಾಣಿ ದ್ವೀಪದ ಬಳಿ ಸ್ಕೂಬಾಗೆಂದು, ಅಂದರೆ ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡು ಉಸಿರಾಡುತ್ತ ಮುಳುಗಲು, ಮೊದಲ ಸಲ ನೀರಿಗಿಳಿಯುವ ದಂಪತಿಗಳು, ಮಳೆಗಾಲ ಕಳೆದು ಕಡಲು ತಿಳಿಯಾದ ಮೇಲೆ, ಡಿಸೆಂಬರ್‌ನಿಂದ ಫೆಬ್ರವರಿಯೊಳಗೆ ಹೋಗುವುದು ಒಳ್ಳೆಯದು. ಆರೋಗ್ಯದ ಅರ್ಜಿಯಲ್ಲಿ ಆಸ್ತಮಾ, ಹೃದ್ರೋಗ, ಕಿವಿಯ ತೊಂದರೆ, ಗರ್ಭಧಾರಣೆ ಯಾವುದನ್ನೂ ಮುಚ್ಚಿಡಬಾರದು. ನೆಗಡಿಯಿದ್ದರೆ ಅಂದು ಇಳಿಯಲೇಬಾರದು.

ಉಸಿರನ್ನು ಎಂದೂ ಹಿಡಿದಿಡಬಾರದು ಎಂಬುದೇ ಮೊದಲ ನಿಯಮ. 10 ಮೀಟರ್ ಆಳದಲ್ಲಿ ಒತ್ತಡವು ಮೇಲ್ಮೈಯಲ್ಲಿರುವುದರ ಇಮ್ಮಡಿಯಾಗಿರುವುದರಿಂದ, ಅಲ್ಲಿ ಎಳೆದುಕೊಂಡ ಗಾಳಿ ಮೇಲೇರುವಾಗ ಹಿಗ್ಗಿ ಶ್ವಾಸಕೋಶಕ್ಕೆ ಗಾಯ ಮಾಡಬಲ್ಲದು. ಇಳಿಯುವಾಗ ಕಿವಿ ನೋಯುವ ಮೊದಲೇ ಮಾಸ್ಕ್‌ನ ಮೇಲಿಂದ ಮೂಗು ಹಿಡಿದು, ಬಾಯಿ ಮುಚ್ಚಿದಂತೆಯೇ ಮೆಲ್ಲನೆ ಗಾಳಿ ಒತ್ತಬೇಕು; ಕಿವಿ ಬಿಡದಿದ್ದರೆ ತುಸು ಮೇಲೇರಿ ಮತ್ತೆ ಪ್ರಯತ್ನಿಸಬೇಕೇ ಹೊರತು ಜೋರಾಗಿ ಒತ್ತಬಾರದು. ಒಬ್ಬರ ಕಿವಿ ಬೇಗ ಹೊಂದಿಕೊಳ್ಳುತ್ತದೆ, ಇನ್ನೊಬ್ಬರದು ನಿಧಾನ; ಆದ್ದರಿಂದ ಸಂಗಾತಿಯೊಂದಿಗೇ ತಳ ಮುಟ್ಟಬೇಕೆಂಬ ಆತುರ ಬೇಡವೇ ಬೇಡ.

ಎಲ್ಲ ಸರಿಯಿದೆಯೆಂದು ತಿಳಿಸಲು ಹೆಬ್ಬೆರಳನ್ನೂ ತೋರುಬೆರಳನ್ನೂ ಸೇರಿಸಿ ಉಂಗುರದಂತೆ ತೋರಿಸಬೇಕು. ಹೆಬ್ಬೆರಳನ್ನು ಮೇಲೆತ್ತುವುದು ಮಾತ್ರ ಮೇಲೆ ಹೋಗಬೇಕೆಂಬ ಸನ್ನೆ. ಗಂಡನಾಗಲಿ ಹೆಂಡತಿಯಾಗಲಿ ಹಾಗೆ ಸನ್ನೆ ಮಾಡಿದರೆ, ಇನ್ನೊಬ್ಬರು ಕೈಹಿಡಿದು ತಡೆಯದೆ ಬೋಧಕರ ಮಾತಿನಂತೆ ನಡೆಯಬೇಕು. ಡೈವ್ ಮುಗಿದ ಮೇಲೆ 18 ಗಂಟೆಗಳವರೆಗೆ ವಿಮಾನ ಹತ್ತಬಾರದು. ಮರಳುವ ಟಿಕೆಟ್ಟನ್ನು ಅದಕ್ಕೆ ತಕ್ಕಂತೆ ಕಾಯ್ದಿರಿಸಿ.