ಐದು ದಿನದ ಎಳನೀರು, ಒಂದು ‘ಆರ್’

ಸಹಸಂಬಂಧ, ಅಂದರೆ ಎರಡು ಅಳತೆಗಳು ಎಷ್ಟರಮಟ್ಟಿಗೆ ಒಂದೇ ಗೆರೆಯಲ್ಲಿ ಜೊತೆಜೊತೆಗೆ ಬದಲಾಗುತ್ತವೆ ಎಂಬುದು. ಅದನ್ನು -1ರಿಂದ 1ರೊಳಗೆ ಹೇಳುವ ಅಂಕಿಯೇ ‘ಆರ್’. ಇದನ್ನು ಹೇಳಿಕೊಡುವಾಗ ನಾನು ಸೂತ್ರದಿಂದ ಶುರುಮಾಡುವುದಿಲ್ಲ, ಕಂಪ್ಯೂಟರನ್ನೂ ತೆರೆಯುವುದಿಲ್ಲ. ಗ್ರಾಫ್ ಹಾಳೆ, ಪೆನ್ಸಿಲು, ಐದು ಸಾಲಿನ ಒಂದು ಪಟ್ಟಿ ಸಾಕು. ಲೆಕ್ಕ ಸಲೀಸಾಗಲೆಂದು ಅಂಕಿಗಳನ್ನು ನಾನೇ ಕಟ್ಟಿಕೊಂಡಿದ್ದೇನೆ: ಒಂದು ಎಳನೀರಿನ ಗಾಡಿ, ಐದು ದಿನ. ಗರಿಷ್ಠ ಉಷ್ಣಾಂಶ 28, 30, 32, 34, 36 ಡಿಗ್ರಿ. ಆಯಾ ದಿನ ಖರ್ಚಾದ ಕಾಯಿ 40, 55, 50, 70, 85.

ಮೊದಲು ಚುಕ್ಕಿ. ಅಡ್ಡಕ್ಕೆ ಉಷ್ಣಾಂಶ, ಉದ್ದಕ್ಕೆ ಮಾರಾಟ. ಆಮೇಲೆ ಉಷ್ಣಾಂಶದ ಸರಾಸರಿ 32ರಲ್ಲಿ ಒಂದು ಲಂಬ ಗೆರೆ, ಮಾರಾಟದ ಸರಾಸರಿ 60ರಲ್ಲಿ ಒಂದು ಅಡ್ಡ ಗೆರೆ. ಹಾಳೆ ನಾಲ್ಕು ಮನೆಯಾಗುತ್ತದೆ. ಮೇಲಿನ ಬಲಮನೆ, ಕೆಳಗಿನ ಎಡಮನೆಗಳಲ್ಲಿ ಚುಕ್ಕಿ ತುಂಬಿದ್ದರೆ ಸಂಬಂಧ ಧನ, ಉಳಿದೆರಡರಲ್ಲಿದ್ದರೆ ಋಣ, ನಾಲ್ಕರಲ್ಲೂ ಸಮನಾಗಿ ಚೆಲ್ಲಿದ್ದರೆ ಸೊನ್ನೆಯ ಹತ್ತಿರ. ಸೂತ್ರ ಮಾಡುವುದೂ ಇದೇ ಕೆಲಸವನ್ನು.

ಈಗ ಪ್ರತಿ ಅಂಕಿಯಿಂದ ಅದರ ಸರಾಸರಿಯನ್ನು ಕಳೆಯಿರಿ. ಉಷ್ಣಾಂಶಕ್ಕೆ -4, -2, 0, 2, 4. ಮಾರಾಟಕ್ಕೆ -20, -5, -10, 10, 25. ಒಂದೊಂದು ಸಾಲನ್ನೂ ಕೂಡಿದರೆ ಸೊನ್ನೆ ಬರಬೇಕು, ಬಾರದಿದ್ದರೆ ಮುಂದೆ ಹೋಗಬೇಡಿ. ಜೋಡಿಜೋಡಿಯಾಗಿ ಗುಣಿಸಿದರೆ 80, 10, 0, 20, 100, ಮೊತ್ತ 210. ಉಷ್ಣಾಂಶದ ವಿಚಲನೆಗಳ ವರ್ಗಗಳ ಮೊತ್ತ 40, ಮಾರಾಟದ್ದು 1250. ಎರಡರ ಗುಣಲಬ್ಧ 50,000. ಅದರ ವರ್ಗಮೂಲ 223.6. 210ನ್ನು ಇದರಿಂದ ಭಾಗಿಸಿದರೆ ಆರ್ = 0.94.

ಮೂರನೆಯ ದಿನವನ್ನು ಸ್ವಲ್ಪ ನಿಂತು ನೋಡಿ. ಅಂದು 50 ಕಾಯಿ, ಸರಾಸರಿಗಿಂತ ಹತ್ತು ಕಮ್ಮಿ. ಆದರೆ ಉಷ್ಣಾಂಶ ಸರಾಸರಿ ಗೆರೆಯ ಮೇಲೇ ಕೂತಿದೆ. ಹಾಗಾಗಿ ಮೇಲಿನ 210ಕ್ಕೆ ಆ ದಿನದ ಕೊಡುಗೆ ಸೊನ್ನೆ, ಕೆಳಗಿನ 1250ಕ್ಕೆ ಮಾತ್ರ 100. ಆರ್ ಒಂದನ್ನು ಮುಟ್ಟದಿರಲು ಇಂಥ ದಿನಗಳೇ ಕಾರಣ.

0.94 ಎಂದರೆ ‘ಶೇ. 94 ಸಂಬಂಧ’ ಅಲ್ಲ. ಅದರ ವರ್ಗ 0.88: ಮಾರಾಟದ ಏರಿಳಿತದಲ್ಲಿ ಶೇ. 88ರಷ್ಟನ್ನು ಚುಕ್ಕಿಗಳ ನಡುವೆ ಹೊಂದಿಸಿ ಎಳೆದ ಸರಳರೇಖೆ ಹಿಡಿಯುತ್ತದೆ, ಅಷ್ಟೇ. ಡಿಗ್ರಿಗೆ ಎಷ್ಟು ಕಾಯಿ ಹೆಚ್ಚು ಎಂಬುದು ರೇಖೆಯ ಇಳಿಜಾರಿನ ಮಾತು: 210 ಭಾಗಿಸು 40, ಅಂದರೆ 5.25. ಫ್ಯಾರನ್‌ಹೀಟ್‌ಗೆ ಬದಲಾಯಿಸಿದರೆ ಇಳಿಜಾರು 2.92ಕ್ಕೆ ಇಳಿಯುತ್ತದೆ, ಆರ್ ಕದಲುವುದಿಲ್ಲ.

ಸ್ಪ್ರೆಡ್‌ಶೀಟಿಗೆ ಹೋದಾಗ ‘ಕೊರೆಲ್’ (CORREL) ಫಂಕ್ಷನ್ ಒಂದೇ ಸಾಕು. ಹಂತಹಂತವಾಗಿ ಮಾಡಹೊರಟವರು ಎಡವುವುದು ಎನ್ (ಜೋಡಿಗಳ ಸಂಖ್ಯೆ, ಇಲ್ಲಿ 5) ಮತ್ತು ಎನ್ ಮೈನಸ್ 1ರಲ್ಲಿ. ಸಹವಿಚಲನೆಗೆ (210ನ್ನು ಭಾಗಿಸಿ ಸಿಗುವುದು) 5 ಬಳಸಿ, ಮಾನಕ ವಿಚಲನೆಗೆ (40, 1250ನ್ನು ಭಾಗಿಸಿ ತೆಗೆದ ವರ್ಗಮೂಲ) 4 ಬಳಸಿದರೆ ಉತ್ತರ 0.75. ತಿರುವುಮುರುವು ಮಾಡಿದರೆ 1.17. ಎರಡನೆಯದು ವಾಸಿ, ಒಂದಕ್ಕಿಂತ ಹೆಚ್ಚಾದ ಕೂಡಲೇ ಸಿಕ್ಕಿಬೀಳುತ್ತದೆ, 0.75 ನೋಡಲು ಸಭ್ಯವಾಗಿದೆ, ಯಾರಿಗೂ ಅನುಮಾನ ಬರುವುದಿಲ್ಲ.

ಅಂಥದೇ ಇನ್ನೊಂದು: ಮಾರಾಟದ ಕಾಲಮ್ಮನ್ನು ಮಾತ್ರ ಏರಿಕೆ ಕ್ರಮದಲ್ಲಿ ಸಾರ್ಟ್ ಮಾಡುವುದು. ಜೋಡಿ ಮುರಿಯಿತು, ಆರ್ ಮಾತ್ರ 0.98 ಆಗಿ ಇನ್ನೂ ಚೆಂದ ಕಾಣುತ್ತದೆ. 85 ಎನ್ನುವ ಕಡೆ 8.5 ಎಂದು ಕೀ ಒತ್ತಿದರೆ -0.33, ಒಂದು ದಶಮಾಂಶ ಚುಕ್ಕೆಗೆ ಚಿಹ್ನೆಯೇ ಪಲ್ಟಿ. ಗಾಡಿ ಹಾಕದ ದಿನಕ್ಕೆ 0 ಬರೆಯಬೇಡಿ, ಕೋಶ ಖಾಲಿ ಬಿಡಿ. ಕೊರೆಲ್ ಖಾಲಿಯನ್ನು ಬಿಟ್ಟುಬಿಡುತ್ತದೆ, ಸೊನ್ನೆಯನ್ನು ನಿಜವಾದ ಮಾರಾಟವೆಂದೇ ಎಣಿಸುತ್ತದೆ.

ವ್ಯಾಪ್ತಿಯ ತೊಂದರೆ ಇಷ್ಟು ಸುಲಭಕ್ಕೆ ಕಣ್ಣಿಗೆ ಬೀಳದು. ನಡುವಿನ ಮೂರು ದಿನ, 30ರಿಂದ 34 ಡಿಗ್ರಿ, ಇಷ್ಟನ್ನೇ ಇಟ್ಟರೆ ಆರ್ 0.72. ಸಂಬಂಧ ಬದಲಾಗಿಲ್ಲ, ಕಿಟಕಿ ಕಿರಿದಾಗಿದೆ. ಒಳ್ಳೆಯ ರ‍್ಯಾಂಕಿನವರಿಗೆ ಮಾತ್ರ ಸೀಟು ಕೊಟ್ಟು, ಆಮೇಲೆ ‘ಪ್ರವೇಶ ಪರೀಕ್ಷೆಗೂ ಕಾಲೇಜಿನ ಅಂಕಕ್ಕೂ ಸಂಬಂಧ ಅಷ್ಟಕ್ಕಷ್ಟೆ’ ಎನ್ನುವವರು ಇದನ್ನು ಮರೆತಿರುತ್ತಾರೆ.

ಚುಕ್ಕಿಚಿತ್ರ ಬಿಡಬೇಡಿ ಎನ್ನಲು ನನಗೆ ಇಷ್ಟವಾದ ಪುರಾವೆ ಸಂಖ್ಯಾಶಾಸ್ತ್ರಜ್ಞ ಫ್ರಾನ್ಸಿಸ್ ಆನ್‌ಸ್ಕೂಂಬ್ 1973ರಲ್ಲಿ ಕೊಟ್ಟ ನಾಲ್ಕು ಪಟ್ಟಿ. ಪ್ರತಿಯೊಂದರಲ್ಲೂ 11 ಜೋಡಿ, ನಾಲ್ಕಕ್ಕೂ ಆರ್ ಸುಮಾರು 0.816. ಒಂದು ಗೆರೆಯ ಸುತ್ತ ಸಾಮಾನ್ಯವಾಗಿ ಚೆಲ್ಲಿದ ಚುಕ್ಕಿಗಳು, ಒಂದು ಬಾಗಿದ ಕಮಾನು, ಒಂದು ನೇರ ಗೆರೆಯಿಂದ ಒಂದೇ ಚುಕ್ಕಿ ಹೊರಗೆ. ನಾಲ್ಕನೆಯದರಲ್ಲಿ ಹತ್ತು ಚುಕ್ಕಿ 8ರ ಮೇಲೆ ಕಂಬದಂತೆ ನಿಂತಿವೆ, ಒಂದು ಮಾತ್ರ ದೂರದ 19ರಲ್ಲಿ. ಆ ಒಂದನ್ನು ತೆಗೆದರೆ ಆರ್ ಲೆಕ್ಕ ಹಾಕುವುದೇ ಆಗದು, ಸೊನ್ನೆಯಿಂದ ಭಾಗಿಸಬೇಕಾಗುತ್ತದೆ.

ಏರಿಕೆ ಇದ್ದೂ ಗೆರೆ ಬಾಗಿದ್ದರೆ ಸ್ಪಿಯರ್‌ಮನ್ ಕ್ರಮಾಂಕದ ವಿಧಾನ ಹಿಡಿಯಿರಿ: ಅಂಕಿಗಳ ಬದಲು ಅವುಗಳ ಸ್ಥಾನಗಳ (1, 2, 3...) ನಡುವೆ ಆರ್ ತೆಗೆಯುವುದು. ನಮ್ಮ ಪಟ್ಟಿಗೆ ಅದು 0.9. ಏರಿ ಇಳಿಯುವ ಸಂಬಂಧಕ್ಕೆ ಮಾತ್ರ ಅದೂ ಕೆಲಸಕ್ಕೆ ಬಾರದು.

ಆರ್ ಎಷ್ಟಿದ್ದರೆ ನಂಬಬಹುದು ಎನ್ನುವುದು ಜೋಡಿಗಳ ಸಂಖ್ಯೆಯ ಮೇಲೆ ನಿಂತಿದೆ. ಶೇ. 5ರ ಮಟ್ಟದಲ್ಲಿ (ನಿಜಕ್ಕೂ ಸಂಬಂಧವೇ ಇಲ್ಲದಾಗ ಬರಿಯ ಆಕಸ್ಮಿಕದಿಂದ ಇಷ್ಟು ದೊಡ್ಡ ಆರ್ ಬರುವ ಸಾಧ್ಯತೆ ನೂರಕ್ಕೆ ಐದು), ಧನ ಋಣ ಎರಡೂ ಬದಿಯ ಪರೀಕ್ಷೆಗೆ, 5 ಜೋಡಿಗೆ 0.878 ದಾಟಬೇಕು, 10ಕ್ಕೆ 0.632, 30ಕ್ಕೆ 0.361, 100ಕ್ಕೆ 0.197 ಸಾಕು. ಆ 0.197ರ ವರ್ಗ ಶೇ. 4ಕ್ಕಿಂತ ಕಮ್ಮಿ. ‘ಸಾರ್ಥಕ’ ಎಂಬ ಮುದ್ರೆ ಬಿದ್ದರೂ ಗಾಡಿಯವನಿಗೆ ಅದರಿಂದ ಲಾಭವಿಲ್ಲ.

ಕಾರಣದ ಪ್ರಶ್ನೆ ಬಂದಾಗ ಉಪದೇಶಕ್ಕಿಂತ ಲೆಕ್ಕ ಮೇಲು. ಎಳನೀರಿಗೂ ಐಸ್‌ಕ್ರೀಮಿಗೂ 0.6 ಇದೆ ಎನ್ನಿ. ಬಿಸಿಲಿನೊಂದಿಗೆ ಎಳನೀರಿಗೆ 0.8, ಐಸ್‌ಕ್ರೀಮಿಗೆ 0.7. 0.8ನ್ನು 0.7ರಿಂದ ಗುಣಿಸಿದರೆ 0.56, 0.6ರಿಂದ ಕಳೆದರೆ 0.04. ಇದನ್ನು 0.36 (1ರಿಂದ 0.8ರ ವರ್ಗ ಕಳೆದದ್ದು) ಮತ್ತು 0.51ರ (1ರಿಂದ 0.7ರ ವರ್ಗ ಕಳೆದದ್ದು) ಗುಣಲಬ್ಧದ ವರ್ಗಮೂಲದಿಂದ, ಅಂದರೆ 0.43ರಿಂದ ಭಾಗಿಸಿ: 0.09. ಬಿಸಿಲನ್ನು ಬದಿಗಿಟ್ಟರೆ ಉಳಿದದ್ದು ಇಷ್ಟೇ. ವರ್ಷದಿಂದ ವರ್ಷಕ್ಕೆ ಏರುವ ಎರಡು ಸರಣಿಗಳಿದ್ದರೆ ಇಷ್ಟೂ ಬೇಕಿಲ್ಲ. ಪ್ರತಿ ವರ್ಷದಿಂದ ಹಿಂದಿನ ವರ್ಷವನ್ನು ಕಳೆದು, ಆ ವ್ಯತ್ಯಾಸಗಳ ನಡುವೆ ಆರ್ ತೆಗೆಯಿರಿ. ಮೊದಲಿದ್ದ 0.9 ಎಷ್ಟೋ ಸಲ ಅಲ್ಲೇ ಕರಗುತ್ತದೆ.